ಜಿನೀವಾದವರು ನಮ್ಮಲ್ಲಿ ಉಳಿದುಕೊಂಡದ್ದು

ನಮ್ಮ ಯಜಮಾನರ ಮೈಮೇಲೆ ಆಗಾಗ ಯಾರಾದರೊಬ್ಬ ಮಹಾನುಭಾವರು ಬರುವುದುಂಟು. ಒಮ್ಮೆ ಹಸಿ ತರಕಾರಿ ತಿನ್ನಿಸುವ ವೈದ್ಯರು ಬಂದಿದ್ದರು, ಇನ್ನೊಮ್ಮೆ ಬರಿಗಾಲಲ್ಲಿ ನಡೆಸುವ ಯೋಗಿಗಳು. ಬಹ್ರೈನಿನ ಉಮ್ ಅಲ್ ಹಸ್ಸಮ್‌ನ ನಮ್ಮ ಪುಟ್ಟ ಫ್ಲಾಟಿನಲ್ಲಿ ಒಂದೆರಡು ತಿಂಗಳಿದ್ದು, ನನ್ನ ತಲೆ ತಿಂದು, ಅವರೆಲ್ಲ ತಾವಾಗಿಯೇ ಹೊರಟುಹೋಗುತ್ತಾರೆ. ಕಳೆದ ವರ್ಷ ಬಂದವರು ಮಾತ್ರ ಬಹಳ ದೂರದವರು. ಯುರೋಪಿನ ತತ್ವಜ್ಞಾನಿ, ತೀರಿಕೊಂಡು ಇನ್ನೂರು ವರ್ಷದ ಮೇಲಾಗಿದೆ.

೧. ದೂತನ ಆಸೆ

ಇವರು ಮೀನಾ ಸಲ್ಮಾನ್ ಬಂದರಿನ ಒಂದು ಗೋದಾಮಿನಲ್ಲಿ ಸ್ಟೋರ್ ನೋಡಿಕೊಳ್ಳುತ್ತಾರೆ. ರಜೆ ಸಿಕ್ಕಿದರೆ ನಮ್ಮ ಊರವರ ತಾಳಮದ್ದಳೆ ಕೂಟಕ್ಕೆ ಓಡುತ್ತಾರೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡಿದ ಮೇಲೆ ಅರ್ಥಧಾರಿಗಳು ಕುಳಿತಲ್ಲೇ ಪಾತ್ರವಾಗಿ ವಾದಕ್ಕಿಳಿಯಬೇಕು; ಅದಕ್ಕೇ ಅರ್ಥ ಹೇಳುವುದು ಎನ್ನುತ್ತಾರೆ. ಎದುರಿನವರ ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಮಾನ ಹೋದ ಹಾಗೆ. ಇವರ ಮಾನಕ್ಕೆ ಆ ಅಪಾಯ ಇರಲಿಲ್ಲ, ಏಕೆಂದರೆ ಇವರಿಗೆ ಪ್ರತಿಸಲವೂ ದೂತನ ಪಾತ್ರ. ರಾಜ ಏನಾದರೂ ಹೇಳುತ್ತಾನೆ, ಇವರು ತಲೆಬಾಗಿ "ಅಪ್ಪಣೆ, ಮಹಾಪ್ರಭು" ಎನ್ನುತ್ತಾರೆ. ಅಷ್ಟೇ. ಅದಕ್ಕೂ ವಾರಗಟ್ಟಲೆ ಬಚ್ಚಲಲ್ಲಿ ಅಭ್ಯಾಸ.

ಹೀಗಿರುವಾಗ ಮಗಳ ಶಾಲೆಯ ಪಾಠದಲ್ಲಿ ಈ ತತ್ವಜ್ಞಾನಿ ಬಂದ. ಜಿನೀವಾದ ಗಡಿಯಾರ ಮಾಡುವವನ ಮಗ, ಹುಟ್ಟಿದ ಕೆಲವೇ ದಿನಕ್ಕೆ ತಾಯಿಯನ್ನು ಕಳೆದುಕೊಂಡವನು, ಹದಿಹರೆಯದಲ್ಲೇ ಊರುಬಿಟ್ಟು ಅಲೆದವನು. ನಿಜವಾದ ಅರಸರು ಜನರೇ, ಸರ್ಕಾರ ಅವರ ಆಳು ಮಾತ್ರ ಎಂದು ಬರೆದವನು. ಆಳು ಯಾರು ಅರಸ ಯಾರು ಎಂಬುದು ಹೀಗೆ ತಲೆಕೆಳಗಾದದ್ದನ್ನು ಓದಿ ನಮ್ಮ ಮನೆಯ ದೂತರಿಗೆ ಕಣ್ಣಲ್ಲಿ ನೀರು ಬಂತು. ನೇರ ಭಾಗವತರ ಬಳಿಗೆ ಹೋಗಿ, ಈ ವರ್ಷದ ಪ್ರಸಂಗ ಇವನದ್ದೇ ಆಗಬೇಕು, ಮುಖ್ಯ ಅರ್ಥ ತನ್ನದೇ ಆಗಬೇಕು ಎಂದು ಹಟ ಹಿಡಿದರು. ಭಾಗವತರು ಕಡೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ: ಮಾತಿನಲ್ಲಿ ಸೋತರೆ ಬಹ್ರೈನ್ ಬಿಡುವವರೆಗೂ ದೂತ.

ಆ ತತ್ವಜ್ಞಾನಿಯ ಹೆಸರಿಗೆ ನಮ್ಮ ನಾಲಿಗೆ ಹೊರಳುತ್ತಿರಲಿಲ್ಲ. ಕಾರ್ಕಳದವರು, ಕುಂದಾಪುರದವರು ಎನ್ನುವ ಹಾಗೆ ಮನೆಯಲ್ಲಿ ಅವನು 'ಜಿನೀವಾದವರು' ಆದ. ಊರಿನಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಈ ಹೆಸರು ಕೇಳಿ ಕೇಳಿ ಸಿಟ್ಟಾದಳು. "ಅವರು ಇನ್ನೂ ಹೋಗ್ಲಿಲ್ವಾ? ಎಷ್ಟು ದಿನ ಅಂತ ಬೇಯಿಸಿ ಹಾಕ್ತೀ ಮಾರಾಯ್ತಿ?"

೨. ಬಲವಂತದ ಸ್ವಾತಂತ್ರ್ಯ

ಜನ ಒಂದುಗೂಡಿ ಒಪ್ಪಂದ ಮಾಡಿಕೊಂಡರೇ ಸಮಾಜ ಎಂದು ಜಿನೀವಾದವರು ಹೇಳಿದ್ದರಿಂದ ನಮ್ಮಲ್ಲೂ ಒಪ್ಪಂದವಾಯಿತು. ಅಡುಗೆ ನನ್ನದು, ಪಾತ್ರೆ ಅವರದು. ಮಗಳನ್ನು ಅರಾದ್‌ನ ನೃತ್ಯ ತರಗತಿಗೆ ಬಿಡುವುದು ನಾನು, ಕರೆತರುವುದು ಅವರು.

ಮೊದಲ ಶುಕ್ರವಾರ ತಿಂಡಿಗೆ ನನಗೆ ನೀರುದೋಸೆ, ಮಗಳಿಗೆ ನೂಡಲ್ಸ್, ಅವರಿಗೆ ಗೋಳಿಬಜೆ ಬೇಕಿತ್ತು. ಯಾರಿಗೆ ಏನು ಬೇಕು ಎಂಬುದು ಮುಖ್ಯವಲ್ಲ, ಎಲ್ಲರಿಗೂ ಯಾವುದು ಹಿತವೋ ಅದೇ ಸಮುದಾಯದ ಇಚ್ಛೆ ಎಂದು ಅವರು ಅರ್ಧ ಗಂಟೆ ಅರ್ಥ ಹೇಳಿದರು. ಹುಡುಕಿ ನೋಡಿದಾಗ ಆ ಇಚ್ಛೆ ಗೋಳಿಬಜೆಯಾಗಿತ್ತು.

ತಿಂದಾದ ಮೇಲೆ ಪಾತ್ರೆಯ ಸರದಿ. ಅವರಿಗೆ ಸೊಂಟ ಹಿಡಿದುಕೊಂಡಿತು. ಸಮುದಾಯದ ಇಚ್ಛೆಗೆ ಒಗ್ಗದವನನ್ನು ಬಲವಂತದಿಂದಲಾದರೂ ಸ್ವತಂತ್ರನನ್ನಾಗಿ ಮಾಡಬೇಕು ಎಂದೂ ಜಿನೀವಾದವರು ಬರೆದಿದ್ದಾರೆಂದು ಮಗಳು ಪಾಠ ಓದಿ ಹೇಳಿದಳು. ನಾವಿಬ್ಬರೂ ಸೇರಿ ಅವರನ್ನು ಸಿಂಕಿನ ಮುಂದೆ ಸ್ವತಂತ್ರರನ್ನಾಗಿ ಮಾಡಿದೆವು. ಎಣ್ಣೆ ಬಾಣಲೆಯೂ ಸೇರಿತ್ತು.

೩. ಪ್ರಕೃತಿಗೆ ಮರಳಿದ್ದು

ಮನುಷ್ಯ ಹುಟ್ಟಾ ಒಳ್ಳೆಯವನು, ನಾಗರಿಕತೆಯೇ ಅವನನ್ನು ಕೆಡಿಸಿದ್ದು ಎಂಬ ಭಾಗಕ್ಕೆ ಇವರು ಬಂದಾಗ ಆಗಸ್ಟ್ ತಿಂಗಳು. ಜಿನೀವಾದವರು ತಮ್ಮ ಗಡಿಯಾರವನ್ನೇ ಮಾರಿಬಿಟ್ಟಿದ್ದರಂತೆ, ಇನ್ನು ಗಂಟೆ ನೋಡುವ ಹಂಗಿಲ್ಲ ಎಂದು. ಇವರೂ ಕೈಗಡಿಯಾರ ಕಳಚಿ ಕಪಾಟಿನಲ್ಲಿಟ್ಟರು. ಅಲ್ಲಿಗೇ ನಿಲ್ಲಿಸಿದ್ದರೆ ನಾನು ಸುಮ್ಮನಿರುತ್ತಿದ್ದೆ. ಏಸಿಯನ್ನೂ ಆರಿಸಿದರು.

ಬಹ್ರೈನಿನ ಆಗಸ್ಟ್ ಜಿನೀವಾದವರಿಗೆ ಗೊತ್ತಿಲ್ಲ. ಸ್ವಲ್ಪ ಹೊತ್ತಿನಲ್ಲೇ ದೇವರ ಮುಂದಿನ ಮೇಣದ ಬತ್ತಿ ಹಚ್ಚುವ ಮೊದಲೇ ಬಾಗಿತು. ನಾನೂ ಮಗಳೂ ಒದ್ದೆ ಬಟ್ಟೆ ತಲೆಗೆ ಹಾಕಿಕೊಂಡು ಕುಳಿತಿದ್ದಾಗ, ಕಾರಿನ ಟೈರ್ ನೋಡಿ ಬರುತ್ತೇನೆಂದು ಇವರು ಕೆಳಗಿಳಿದರು. ಎಷ್ಟು ಹೊತ್ತಾದರೂ ಪತ್ತೆಯಿಲ್ಲ. ಹುಡುಕಿ ಹೋದರೆ ಕಾರಿನ ಕಿಟಕಿಗಳೆಲ್ಲ ಮುಚ್ಚಿವೆ, ಇಂಜಿನ್ ಓಡುತ್ತಿದೆ, ಒಳಗೆ ಏಸಿಯ ತಂಪಿನಲ್ಲಿ ಕಣ್ಣು ಮುಚ್ಚಿಕೊಂಡು ನಾಗರಿಕತೆಯ ದೋಷಗಳ ಬಗ್ಗೆ ಅರ್ಥ ಹೇಳುತ್ತಿದ್ದಾರೆ.

೪. ಐವರು ಮಕ್ಕಳು

ಪ್ರಸಂಗದ ದಿನ ಭಾಗವತರು ಹೇಳಿದ ಹೊತ್ತಿಗಿಂತ ಮೊದಲೇ ಶುರುಮಾಡಿದರು. ಹಾಲ್ ತುಂಬ ಜನ. ಎದುರು ಅರ್ಥಕ್ಕೆ ಕುಳಿತದ್ದು ನನ್ನ ಅಣ್ಣ, ವರ್ಕ್‌ಶಾಪಿನ ಫೋರ್‌ಮನ್, ಮಾತಿನಲ್ಲಿ ಯಾರನ್ನೂ ಬಿಟ್ಟವನಲ್ಲ. ಅವನ ಪಾತ್ರ ಜಿನೀವಾದವರ ಮಡದಿ, ಬಟ್ಟೆ ಒಗೆಯುವ ಹೆಂಗಸು. ದಪ್ಪ ಮೀಸೆಯ ಮೇಲೆ ಬೆವರು ಒರೆಸಿಕೊಳ್ಳುತ್ತಾ ಅವನು ನಾಚಿದ.

ಇವರು ಪೀಠಿಕೆಯನ್ನು ಚೆನ್ನಾಗಿಯೇ ಹೇಳಿದರು. ದೂತ ಇಷ್ಟು ಮಾತಾಡಬಲ್ಲನೆಂದು ಯಾರಿಗೂ ಗೊತ್ತಿರಲಿಲ್ಲ. ನಾನು ಹಿಂದಿನ ಸಾಲಿನಲ್ಲಿ ಹೆಮ್ಮೆಯಿಂದ ಕುಳಿತಿದ್ದೆ. ಮಗಳನ್ನು ಇವರು ತರಗತಿಯಿಂದ ಕರೆತಂದಾಗಿದೆ, ಒಳಗೆ ಮಕ್ಕಳ ಜೊತೆ ಇದ್ದಾಳೆ ಎಂದೇ ನನ್ನ ಎಣಿಕೆ.

ಆಗ ಅಣ್ಣ ಬಾಣ ಬಿಟ್ಟ. "ಸ್ವಾಮೀ, ಮಕ್ಕಳನ್ನು ಬೆಳೆಸುವ ಬಗೆಯನ್ನು ಲೋಕಕ್ಕೆಲ್ಲ ಬರೆದು ಬೋಧಿಸಿದಿರಿ. ನಾನು ಹೆತ್ತ ಐವರನ್ನು ಹುಟ್ಟಿದ ಕೂಡಲೇ ಅನಾಥಾಲಯಕ್ಕೆ ಕೊಟ್ಟುಬಂದಿರಲ್ಲ, ಅವರೆಲ್ಲಿ?"

ಇದು ನಡೆದ ಸಂಗತಿಯೇ, ಅಲ್ಲಗಳೆಯುವಂತಿಲ್ಲ. ಇಲ್ಲಿ ತಡವರಿಸಿದರೆ ಪಾಪದ ಮನುಷ್ಯ ಮತ್ತೆ ದೂತನೇ. ಆದರೆ ಇವರು ಬೆನ್ನು ನೆಟ್ಟಗೆ ಮಾಡಿದರು. ತಂದೆ ಎನ್ನುವವನು ಒಂದು ಮನೆಗೆ ಸೇರಿದವನಲ್ಲ, ಸಮಾಜವೇ ತಾಯ್ತಂದೆ, ಲೋಕದ ಮಕ್ಕಳೆಲ್ಲ ತನ್ನವರಾದಾಗ ಯಾವ ಮಗುವನ್ನು ಮರೆತೆನೆಂದು ಯಾರು ಹೇಳಬಲ್ಲರು ಎಂದು ಸ್ವರ ಏರಿಸಿದರು. ಚಪ್ಪಾಳೆ ಬಿತ್ತು. ಭಾಗವತರೂ ತಲೆದೂಗಿದರು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಗೆಜ್ಜೆಯ ಚೀಲ ಹಿಡಿದುಕೊಂಡು ಮಗಳು, ಅವಳ ಹಿಂದೆ ಅರಾದ್‌ನಿಂದ ಕಾರು ಓಡಿಸಿಕೊಂಡು ಬಂದ ನೃತ್ಯದ ಟೀಚರ್. ತರಗತಿ ಮುಗಿದು ಎಷ್ಟೋ ಹೊತ್ತಾಗಿತ್ತಂತೆ. ನಮ್ಮಿಬ್ಬರ ಫೋನೂ ಪ್ರಸಂಗಕ್ಕೆಂದು ಆಫ್. ಕೈಗಡಿಯಾರ ಕಪಾಟಿನಲ್ಲಿ.

"ಪಪ್ಪಾ," ಎಂದಳು ಮಗಳು, ಎಲ್ಲರಿಗೂ ಕೇಳುವ ಹಾಗೆ, "ಯೂ ಫರ್ಗಾಟ್ ಮೀ."

ಅಣ್ಣ ಪಾತ್ರ ಬಿಡಲಿಲ್ಲ. ಮೀಸೆಯ ಮೇಲೆ ಕೈಯಿಟ್ಟು, ಮೆಲ್ಲಗೆ, ಹೆತ್ತಕರುಳಿನ ಧ್ವನಿಯಲ್ಲಿ ಹೇಳಿದ. "ಇಗೋ ಸ್ವಾಮೀ, ಆರನೆಯದು ಬಂತು."

ನಗುವಿನ ಅಬ್ಬರಕ್ಕೆ ಮದ್ದಳೆಯವರು ಮದ್ದಳೆಯ ಮೇಲೇ ಒರಗಿದರು. ಸಾಮಾಜಿಕ ಒಪ್ಪಂದವೂ ಸಮುದಾಯದ ಇಚ್ಛೆಯೂ ಎಲ್ಲಿ ಹೋದವೋ. ನನಗೆ ಸಿಟ್ಟು, ನಾಚಿಕೆ, ಅಯ್ಯೋ ಪಾಪ, ಮೂರೂ ಒಟ್ಟಿಗೆ ಬಂದವು. ಮಗಳು ಸೊಂಟದ ಮೇಲೆ ಕೈಯಿಟ್ಟು, ತನಗೆ ಹಸಿವಾಗಿದೆ, ಈಗಲೇ ಶವರ್ಮಾ ಬೇಕು ಎಂದು ಆಜ್ಞೆ ಹೊರಡಿಸಿದಳು.

ಇವರು ಎದ್ದು ನಿಂತರು. ಮಗಳ ಮುಂದೆ ಸೊಂಟ ಬಗ್ಗಿಸಿ, ಅಷ್ಟು ವರ್ಷಗಳ ಅಭ್ಯಾಸದಲ್ಲಿ ಒಂದಕ್ಷರವೂ ತಪ್ಪದೆ ಹೇಳಿದರು:

"ಅಪ್ಪಣೆ, ಮಹಾಪ್ರಭು."

ಕಾರಿನ ಕೀಲಿ ತೆಗೆದುಕೊಂಡು ಹೊರಟೇಹೋದರು. ಆ ಸಂಜೆಯ ಅತಿ ದೊಡ್ಡ ಚಪ್ಪಾಳೆ ಅದಕ್ಕೇ ಬಿದ್ದದ್ದು.