ಉಸಿರು ಹಿಡಿಸುವ ಪರೀಕ್ಷೆ

ಎಲ್ಲ ಅನಾಹುತಕ್ಕೂ ಅವನ ಗಂಟಲೇ ಕಾರಣ. ಬಾಯ್ಲರ್ ಪಕ್ಕದ ಎಕ್ಸ್‌ರೇ ಕೋಣೆಯಲ್ಲಿ ವರ್ಷಗಟ್ಟಲೆ ಬೆಂದು, ಬಾಯ್ಲರಿನ ಸದ್ದನ್ನು ಮೀರಿಸುವಂತೆ "ಉಸಿರು ಹಿಡೀರಿ!" ಎಂದು ಕಿರುಚಿ ಕಿರುಚಿ, ಅವನ ದನಿ ಜಗಳಕ್ಕೇ ಹೇಳಿಮಾಡಿಸಿದಂತಾಗಿತ್ತು. ಆಸ್ಪತ್ರೆಯವರೆಲ್ಲ ಅವನನ್ನು ಗುಡುಗಪ್ಪ ಎಂದೇ ಕರೆಯುತ್ತಿದ್ದರು.

ಅಂಥವನ ಸಿ.ಟಿ. ಸ್ಕ್ಯಾನ್ ತರಬೇತಿ ಮುಗಿದು ಇವತ್ತು ಪರೀಕ್ಷೆ. ಒಬ್ಬ ರೋಗಿಯ ಎದೆಯ ಸ್ಕ್ಯಾನ್ ಸರಿಯಾಗಿ ತೆಗೆದರೆ ತಣ್ಣನೆಯ ಎ.ಸಿ. ಕೋಣೆ ಅವನದು, ಕೆಟ್ಟರೆ ಮತ್ತೆ ಬಾಯ್ಲರ್ ಪಕ್ಕ. ಹೆಂಡತಿಯಂತೂ ಆಗಲೇ ಬೀದಿಗೆಲ್ಲ ಸಾರಿ, ಗಂಡನಿಗೆಂದು ಸ್ವೆಟರ್ ಹೆಣೆದಿಟ್ಟಿದ್ದಳು.

ಯಾವಾಗ ಉಸಿರು ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ರೋಗಿಗೆ ಹೇಳುವುದು ಯಂತ್ರದಲ್ಲಿ ಮೊದಲೇ ಮುದ್ರಿಸಿಟ್ಟ ದನಿ. ಅದು ಪರೀಕ್ಷೆಗೆ ಕೂತವನದೇ ಆಗಿರಬೇಕು.

"ಮಾರಾಯ, ಈ ದನಿ ಕೇಳಿದ್ರೆ ರೋಗಿ ಎದ್ದು ಓಡ್ತಾನೆ," ಎಂದಳು ನರ್ಸ್. "ಮಗೂಗೆ ಹೇಳೋ ಹಾಗೆ ಹೇಳು."

"ಇನ್ನೂ ಮೆತ್ತಗೆ ಅಣ್ಣಾ," ಎಂದಳು ಆಯಾ.

ಕರೆಯದೇ ಬಂದಿದ್ದ ಲಿಫ್ಟಿನವನು, "ಜೋಗುಳದ ಥರ ಎಳೀರಿ ಸಾರ್!" ಎಂದ.

ಗುಡುಗಪ್ಪ ಬಿಸಿನೀರು ಕುಡಿದು, ದನಿ ಮುದ್ರಿಸುವ ಗುಂಡಿ ಒತ್ತಿ, ರಾಗ ಎಳೆದ. "ಉಸಿರು... ಎಳ್ಕೊಳ್ಳೀ... ಹಾಂ... ಹಿಡ್ಕೊಳ್ಳೀ..." ಕೇಳುತ್ತಿದ್ದ ಆಯಾ ಆಕಳಿಸಿದಳು. ಅವನಿಗೆ ಆಗಲೇ ಹೊಳೆಯಬೇಕಿತ್ತು.

ರೋಗಿಯಾಗಿ ಬಂದ ಅಜ್ಜ ಗಡಗಡ ನಡುಗುತ್ತ ಮಲಗಿದ. ದನಿ ಶುರುವಾಯಿತು. ಅಜ್ಜನ ನಡುಕ ನಿಂತಿತು. ಆಮೇಲೆ ಯಂತ್ರದೊಳಗಿಂದ ಗೊರಕೆ ಬಂತು!

"ಏನ್ರೀ ಇದು, ಶ್ವಾಸಕೋಶವೆಲ್ಲ ಮಸುಕು!" ಎಂದು ಪರೀಕ್ಷೆ ಮಾಡಲು ಕೂತಿದ್ದ ಹಿರಿಯ ಮೇಡಂ ಸಿಡುಕಿದರು.

ಗುಡುಗಪ್ಪ ಗಾಬರಿಯಲ್ಲಿ ಮೈಕಿಗೆ ಬಾಯಿಟ್ಟು ತನ್ನ ಅಸಲಿ ದನಿಯಲ್ಲಿ, "ಅಜ್ಜಾ, ಏಳಿ!" ಎಂದ. ಅಜ್ಜ ಬೆಚ್ಚಿಬಿದ್ದು ಮಂಚ ಇಳಿದವನು ಮತ್ತೆ ಹತ್ತಲೇ ಇಲ್ಲ. ಹೊರಗೆ ಕಾಯುತ್ತಿದ್ದವರೂ ಎದ್ದು ನಿಂತರು.

"ಫೇಲ್," ಎಂದರು ಮೇಡಂ.

ಅಷ್ಟರಲ್ಲಿ ತಲೆಯ ಸ್ಕ್ಯಾನಿಗೆಂದು ಒಬ್ಬ ಪುಟ್ಟ ಹುಡುಗಿ ಬಂದಳು. ಒಂದೇ ಸಮನೆ ಅಳು, ಒದೆತ. ಮೇಡಮ್ಮಿಗೆ ಏನನ್ನಿಸಿತೋ, ಅದೇ ಜೋಗುಳದ ದನಿ ಹಾಕಿದರು. ಹುಡುಗಿ ಗಪ್‌ಚಿಪ್ ನಿದ್ದೆಹೋದಳು.

"ಅಬ್ಬಾ! ತಲೆಗೆ ಉಸಿರು ಹಿಡಿಯೋದೇ ಬೇಡ, ಅಲ್ಲಾಡದಿದ್ರೆ ಸಾಕು. ಈ ದನಿ ನಮ್ಮ ಕೋಣೇಲಿ ಇರಲೇಬೇಕು!" ಎಂದು ಮೇಡಂ ಹಿಗ್ಗಿದರು.

ಗುಡುಗಪ್ಪನ ಎದೆ ಉಬ್ಬಿತು. "ಹಾಗಾದ್ರೆ ನಾಳೆಯಿಂದ ಎಷ್ಟೊತ್ತಿಗೆ ಬರ್ಲಿ ಮೇಡಂ?"

"ನೀವ್ಯಾಕ್ರೀ ಬರ್ಬೇಕು? ದನಿ ಯಂತ್ರದಲ್ಲೇ ಇದೆಯಲ್ಲ. ನೀವು ಬಾಯ್ಲರ್ ಪಕ್ಕಕ್ಕೆ ಹೊರಡಿ."

ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. "ಎ.ಸಿ. ರೂಮಿಗೆ ಸೇರಿಸ್ಕೊಂಡ್ರೇನ್ರೀ?"

"ಸೇರಿಸ್ಕೊಂಡ್ರು ಕಣೇ. ಗಂಟಲನ್ನ ಮಾತ್ರ."

ವಿಷಯವೆಲ್ಲ ಕೇಳಿದ ಅವಳು ಸ್ವೆಟರಿನ ಹೆಣಿಗೆ ಬಿಚ್ಚಿ, ಅದೇ ಉಣ್ಣೆಯಲ್ಲಿ ಮಫ್ಲರ್ ಹೆಣೆಯಲು ಕೂತಳು.