ಮಾವನ ಫಾರಿನ್ ಕ್ಲಾಸು

ವಿದೇಶದ ವಿಷಯದಲ್ಲಿ ನನ್ನ ಸೋದರಮಾವನಷ್ಟು ತಿಳಿದವರು ಕುಂದಾಪುರ ತಾಲೂಕಿನಲ್ಲೇ ಇನ್ನೊಬ್ಬರಿಲ್ಲ. ಯಾವ ದೇಶದವರು ಬೆಳಿಗ್ಗೆ ಎಷ್ಟು ಬ್ರೆಡ್ಡು ತಿನ್ನುತ್ತಾರೆ, ಯಾರಿಗೆ ಚಹಾಕ್ಕೆ ಹಾಲು ಹಾಕಿದರೆ ಸಿಟ್ಟು ಬರುತ್ತದೆ, ಎಲ್ಲವೂ ಅವರ ನಾಲಿಗೆಯ ತುದಿಯಲ್ಲಿದೆ. ಅವರು ಸ್ವತಃ ಎಲ್ಲಿಯವರೆಗೆ ಹೋಗಿದ್ದಾರೆ ಅಂತ ಮಾತ್ರ ಕೇಳಬೇಡಿ. ಮುಂಬಯಿಗೆ ಎರಡು ಸಲ ಹೋಗಿದ್ದಾರೆ, ಅದರಲ್ಲೊಮ್ಮೆ ಹೊಟ್ಟೆ ಕೆಟ್ಟು ಮರುದಿನವೇ ವಾಪಸ್ಸು!

ಮಾವ ಶಂಕರನಾರಾಯಣ ಎಂಬ ಊರಿನ ಕಡೆ ಮದುವೆ, ಉಪನಯನದ ಊಟಗಳಲ್ಲಿ ಬಡಿಸುವ ತಂಡದ ಯಜಮಾನರು. ನಾನೋ, ಹೋಟೆಲ್ ಮ್ಯಾನೇಜ್‌ಮೆಂಟ್ ಪದವೀಧರ. ಬಟ್ಟೆಯ ಕರವಸ್ತ್ರವನ್ನು ಹಂಸದ ಆಕಾರಕ್ಕೆ ಮಡಚಬಲ್ಲೆ. ಮೂವತ್ತು ವರ್ಷ ತುಂಬುವವರೆಗೆ ಆ ಹಂಸ ಬೇಕು ಅಂತ ಕೇಳಿದ ಪ್ರಾಣಿ ಒಂದೂ ಇಲ್ಲ. ಬೈಂದೂರಿನ ಒಂದು ಹೋಮ್‌ಸ್ಟೇಯಲ್ಲಿ ಮೂರು ವರ್ಷ ಮ್ಯಾನೇಜರ್ ಅನ್ನಿಸಿಕೊಂಡಿದ್ದೆ. ಅಲ್ಲಿಗೆ ಬರುತ್ತಿದ್ದವರು ಯಜಮಾನರ ಹೆಂಡತಿಯ ಕಡೆಯವರು ಮಾತ್ರ. ಅದೂ ಮುಚ್ಚಿದ ಮೇಲೆ, ಹೊರದೇಶದ ರೆಸಾರ್ಟುಗಳಿಗೆ ಅರ್ಜಿ ಹಾಕತೊಡಗಿದೆ. ಎರಡು ಕಡೆ ಫೋನಿನಲ್ಲೇ ಬೇಡ ಅಂದರು. ಮೂರನೆಯದು ಮಾಲ್ಡೀವ್ಸ್‌ನ ಒಂದು ದ್ವೀಪ. ಅವರು ಮಾತ್ರ ಆರು ತಿಂಗಳ ಮೇಲೆ ಬಡಿಸುವ ಪರೀಕ್ಷೆಗೆ ಬಾ ಅಂದರು. ಇದೂ ತಪ್ಪಿದರೆ ಅಪ್ಪನ ಸ್ನೇಹಿತರ ಸಿಮೆಂಟು ಅಂಗಡಿಯಲ್ಲಿ ನನಗೊಂದು ಕುರ್ಚಿ ಕಾಯುತ್ತಿತ್ತು. ಹಂಸದ ಜೊತೆ ಸಿಮೆಂಟು ಅಂಗಡಿಯಲ್ಲಿ ಕೂರುವುದು ಹೇಗೆ ಹೇಳಿ?

ಸುದ್ದಿ ಮಾವನ ಕಿವಿಗೆ ಬಿದ್ದಿತು. ಮರುದಿನ ಬೆಳಿಗ್ಗೆಯ ಮೊದಲ ಬಸ್ಸಿಗೇ ನಮ್ಮ ಮನೆಗೆ ಬಂದಿಳಿದರು.

"ಇಷ್ಟ್ ದಿನ ನಂಗೆ ಹೇಳದೆ ಎಂತ ಮಾಡ್ತಾ ಇದ್ದೆ ಮಾಣಿ? ಇದೆಲ್ಲ ಓದ್ರೆ ಬಪ್ಪ ವಿದ್ಯೆ ಅಲ್ಲ. ನಾನ್ ಕಲಿಸ್ತೆ!"

ಅಂದಿನಿಂದ ಆರು ತಿಂಗಳು ಕ್ಲಾಸು. ಮದುವೆ ಊಟವಿಲ್ಲದ ದಿನಗಳಲ್ಲೆಲ್ಲ ಮಾವ ನಮ್ಮ ಜಗಲಿಯಲ್ಲಿ ಹಾಜರು. ಪಾಠ ಶುರುವಾಗುವ ಮೊದಲು ಅವರು ಒಳಗೆ ಹೋಗಿ ವಿದೇಶಿಯಾಗಿ ಹೊರಗೆ ಬರುತ್ತಿದ್ದರು. ಅಂದರೆ ನನ್ನ ಬರ್ಮುಡಾ, ಅಮ್ಮನ ಕಣ್ಣಿನ ಆಪರೇಷನ್ನಿಗೆ ಕೊಟ್ಟಿದ್ದ ಕಪ್ಪು ಕನ್ನಡಕ, ತಲೆಗೊಂದು ಹುಲ್ಲಿನ ಟೊಪ್ಪಿ. ಜನಿವಾರ ಮಾತ್ರ ಹಾಗೇ ಇರುತ್ತಿತ್ತು. ಕಾಲ ಮೇಲೆ ಕಾಲು ಹಾಕಿ ಕೂತು, ನಾನು ತಂದ ಕಾಫಿಯನ್ನು ಒಂದು ಗುಟುಕು ಕುಡಿದು "ನೋ ಗುಡ್" ಅನ್ನುವುದು. ನಾನು "ಸಾರಿ ಸರ್" ಅನ್ನುವುದು. ಲೋಟ ಖಾಲಿಯಾಗುವವರೆಗೂ ಇದೇ! ಹಾಲು ಕೊಡಲು ಬಂದ ಪಕ್ಕದ ಮನೆಯವರು ಒಮ್ಮೆ ಇದನ್ನು ನೋಡಿ, ಹಾಲು ಕೊಡದೆ ಹಾಗೇ ಹಿಂದಿರುಗಿದರು.

ಜಗಲಿ ಸಾಲದೆಂದು ಒಂದು ದಿನ ನನ್ನನ್ನು ಮರವಂತೆಯ ಕಡಲ ತೀರಕ್ಕೆ ಎಳೆದುಕೊಂಡು ಹೋದರು. ನಿಜವಾದ ವಿದೇಶಿಯರ ಜೊತೆ ಮಾತಾಡಿ ನಾಲಿಗೆ ಸಡಿಲವಾಗಬೇಕಂತೆ. ಕೆಂಪು ಕೂದಲಿನ, ಚಡ್ಡಿ ಹಾಕಿದ ಒಬ್ಬ ವ್ಯಕ್ತಿ ಸಮುದ್ರದ ಕಡೆ ಬೆನ್ನು ಹಾಕಿ ರಸ್ತೆ ನೋಡುತ್ತ ನಿಂತಿದ್ದ. ಮಾವ ಹಿಂದಿನಿಂದ ತಿವಿದರು. ನಾನು ಎದೆ ಗಟ್ಟಿ ಮಾಡಿಕೊಂಡು, ನಮ್ಮ ಊರಿನ ವಾಸ ಸುಖಕರವಾಗಿದೆಯೇ ಎಂದು ಚಂದದ ಇಂಗ್ಲಿಷಿನಲ್ಲಿ ವಿಚಾರಿಸಿದೆ. ಆತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಂದ್ ಬಾರ್ಕೂರ್ ಮಾರಾಯ. ಬಸ್ ಕಾಯ್ತಾ ಇದ್ದೆ" ಅಂದ.

ಆದರೆ ಮಾವನ ನಿಜವಾದ ವಿದ್ಯೆ ಬಡಿಸುವುದು. ಅದನ್ನು ಅವರು ಮನಸ್ಸಿಟ್ಟು ಕಲಿಸಿದರು. ಬಗ್ಗುವುದು ಹೇಗೆ, ಸೌಟಿನಿಂದ ಒಂದು ಹನಿ ಚೆಲ್ಲದಂತೆ ಓಡುವುದು ಹೇಗೆ, ಎಲ್ಲ. ಕೊನೆಗೆ ಮುಖ್ಯ ಸೂತ್ರ.

"ಸಾಕ್ ಅಂದ್ರ್ ಅಂದೇಳಿ ನಿಲ್ಸುಕಾಗ. ಅದ್ ನಾಚ್ಕಿಯಂಗೆ ಹೇಳೂದ್. ಎರಡ್ ಕೈ ಎಲಿಗೆ ಅಡ್ಡ ಹಿಡಿದ್ರ್ ಕಾಣ್, ಆಗಳಿಕೆ ನಿಲ್ಸ್."

ಪರೀಕ್ಷೆ ಮಂಗಳೂರಿನ ಒಂದು ಹೋಟೆಲಿನಲ್ಲಿ. ಆ ದ್ವೀಪದ ರೆಸಾರ್ಟಿನಿಂದ ಬಂದ ಮೇಡಂ ಮೇಜಿನ ಮುಂದೆ ಕೂತಿದ್ದರು, ತೆಳ್ಳಗಿನ ಬಿಳಿ ಹೆಂಗಸು. ನಾನು ಬೇಯಿಸಿ ಕಲಸಿದ ಆಲೂಗಡ್ಡೆ ಬಡಿಸಬೇಕಿತ್ತು. ಒಂದು ಚಮಚ ಹಾಕಿದೆ. ಸಾಕು ಅಂದರು. ನಾಚಿಕೆ ಇರಬೇಕು ಅಂತ ಇನ್ನೊಂದು ಹಾಕಿದೆ. "ನೋ, ಥ್ಯಾಂಕ್ಯೂ" ಅಂದರು. ಪಾಪ, ಎಷ್ಟು ಸಂಕೋಚ! ಮತ್ತೆರಡು ಹಾಕಿದೆ. ಐದನೆಯದಕ್ಕೆ ಆಕೆ ಹೌಹಾರಿ ಎರಡೂ ಕೈಗಳನ್ನು ತಟ್ಟೆಗೆ ಅಡ್ಡ ಹಿಡಿದರು. ಅಬ್ಬ, ಈಗ ಹೊಟ್ಟೆ ತುಂಬಿತು ಅಂತ ತೃಪ್ತಿಯಿಂದ ಹಿಂದೆ ಸರಿದು ನಗುತ್ತ ನಿಂತೆ. ತಟ್ಟೆಯಲ್ಲಿ ಕೊಡಚಾದ್ರಿ ಎದ್ದಿತ್ತು.

ಯಾಕೆ ಹೀಗೆ ಮಾಡಿದಿ ಅಂತ ಆಕೆ ಕೇಳಿದರು. ಕಲಿತ ಇಂಗ್ಲಿಷೆಲ್ಲ ಆ ಕ್ಷಣದಲ್ಲಿ ಕೈಕೊಟ್ಟಿತು. ನಮ್ಮಲ್ಲಿ ಹಸಿದವರೂ ಸಾಕು ಅನ್ನುತ್ತಾರೆ, ಅದನ್ನು ನಂಬಿದರೆ ಬಡಿಸುವವನಿಗೆ ಪಾಪ ಅಂತ ಹೇಗೋ ತೊದಲಿದೆ. ಆಕೆ ಏನನ್ನೋ ಬರೆದುಕೊಂಡರು. ಸಿಮೆಂಟು ಅಂಗಡಿಯ ಕುರ್ಚಿ ಕಣ್ಣ ಮುಂದೆ ಬಂತು.

ಹತ್ತು ದಿನಕ್ಕೆ ಮೇಲ್ ಬಂತು. ಅತಿಥಿಗಳಿಗೆ ಬಡಿಸುವ ಕೆಲಸಕ್ಕೆ ನೀವು ಖಂಡಿತ ಯೋಗ್ಯರಲ್ಲ, ಆದರೆ ಬಫೆ ವಿಭಾಗದಲ್ಲಿ ಸೇರಿಸಿಕೊಳ್ಳುತ್ತೇವೆ, ಅಂತ! ಅಂದರೆ ಅವರವರೇ ಬಡಿಸಿಕೊಳ್ಳುವ ಜಾಗದಲ್ಲಿ ನಾನು ಸುಮ್ಮನೆ ನಿಂತಿರಬೇಕು. ಬಡಿಸದೆ ಇರುವುದಕ್ಕೆ ಸಂಬಳ ಪಡೆಯುವವನು ನಮ್ಮ ವಂಶದಲ್ಲಿ ನಾನೇ ಮೊದಲಿಗ.

"ಬಂದ ನೆಂಟ್ರ್ ಅವ್ರೇ ಬಡಿಸ್ಕಂಬ್ದಾ? ಅದೆಂತ ಮರ್ಯಾದಿ?" ಅಂತ ಮಾವ ಅರ್ಧ ದಿನ ಸಿಟ್ಟು ಮಾಡಿದರು. ಮಧ್ಯಾಹ್ನದ ಮೇಲೆ ಊರೆಲ್ಲ ಸಾರಿಕೊಂಡು ಬಂದರು. "ಇಲ್ಲಿಗ್ ಬಂದವ್ರ್ ಫಾರಿನರ್ ಅಲ್ದಾ? ಬಪ್ಪ ತಿಂಗ್ಳಿಂದ ಅಲ್ಲಿ ನಮ್ಮ ಮಾಣಿಯೇ ಫಾರಿನರ್!" ಮೆಡಿಕಲ್ ಪರೀಕ್ಷೆಗೆ, ಪೊಲೀಸರ ಸರ್ಟಿಫಿಕೇಟಿಗೆ, ಎಲ್ಲದಕ್ಕೂ ಅವರೇ ಮುಂದೆ, ನಾನು ಹಿಂದೆ. ವರ್ಕ್ ಪರ್ಮಿಟ್ ಬಂದ ದಿನ ಅವರು ಹಂಚಿದ ಲಡ್ಡು ಬ್ರಹ್ಮಾವರದ ನೆಂಟರವರೆಗೂ ತಲುಪಿತು.

ಹೊರಡುವ ದಿನ ಕುಂದಾಪುರದ ಬಸ್ ನಿಲ್ದಾಣಕ್ಕೆ ಚೀಲ ಹೊತ್ತು ಬಂದವರೂ ಅವರೇ. ಅಪ್ಪ, ಅಮ್ಮ ಮನೆಯಲ್ಲೇ ಬೀಳ್ಕೊಟ್ಟಿದ್ದರು. ದಾರಿಯುದ್ದಕ್ಕೂ ಮಾವನ ಉಪದೇಶ ನಿಲ್ಲಲಿಲ್ಲ. ಮಂಗಳೂರು ಬಸ್ಸು ಬಂತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟು ಚೀಲಕ್ಕೆ ಕೈ ಚಾಚಿದೆ.

"ಹ್ವಾಯ್ ಮಾಣಿ," ಅಂದರು ಮಾವ. "ಈ ವಿಮಾನದ ಟಿಕೇಟ್ ಇತ್ತಲ್ದಾ, ಅದನ್ನ ಕ್ಯಾನ್ಸಲ್ ಮಾಡುಕ್ ಆತ್ತಾ?"

"ಎಂತಕ್ಕೆ ಮಾವ?"

"ಎಂತಕ್ಕೂ ಅಲ್ಲ. ಸುಮ್ನೆ ಕೇಂಡೆ."

ತಮಾಷೆ ಇರಬೇಕು ಅಂತ ಅವರ ಮುಖ ನೋಡಿದೆ. ಆ ಮುಖದಲ್ಲಿ ತಮಾಷೆ ಇರಲಿಲ್ಲ. ಆರು ತಿಂಗಳು ನನ್ನನ್ನು ಕಳಿಸುವ ಕೆಲಸದಲ್ಲೇ ಮುಳುಗಿದ್ದ ಮಾವನಿಗೆ, ಕೆಲಸ ಸಿಕ್ಕರೆ ನಾನು ನಿಜವಾಗಿಯೂ ಹೊರಟುಬಿಡುತ್ತೇನೆ ಎಂಬುದು ಹೊಳೆದೇ ಇರಲಿಲ್ಲ. ಪೆದ್ದನಾದ ನನಗೂ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಇಳಿದುಬಿಡಲೇ ಅನ್ನಿಸಿತು.

ಕಂಡಕ್ಟರ್ ಸೀಟಿ ಊದಿದ. ಮಾವ ಚೀಲ ಬಿಡಲಿಲ್ಲ. ನಾನೇ ಬಿಡಿಸಿಕೊಂಡೆ.