ನಾಲ್ಕನೆಯ ಖಣ

ಕತ್ತರಿ ಮುಟ್ಟದೆ ಕೌದಿ ಹೊಲಿಯಬಹುದು ಎಂಬ ಮಹಾಸತ್ಯ ಬೈಲಹೊಂಗಲದ ಮೀನಾಳಿಗೆ ಹೊಳೆದದ್ದು ಅತ್ತೆಯ ಟ್ರಂಕಿಗೆ ಎಡವಿ ಹೆಬ್ಬೆರಳು ಕೆಂಪಾದ ಒಂದು ಮಧ್ಯಾಹ್ನ. (ನೋವಿನಿಂದ ಜ್ಞಾನೋದಯವಾಗುತ್ತದೆ ಎನ್ನುತ್ತಾರೆ. ಎಂಥ ಜ್ಞಾನ ಎಂದು ಮಾತ್ರ ಯಾರೂ ಹೇಳುವುದಿಲ್ಲ.)

ಆ ಟ್ರಂಕಿನ ತುಂಬ ಇದ್ದದ್ದು ಕುಬಸದ ಖಣಗಳು, ಅಂದರೆ ರವಿಕೆಯ ಬಟ್ಟೆ. ಲಗ್ನವಿರಲಿ, ಸೀಮಂತವಿರಲಿ, ತೆಂಗಿನಕಾಯಿಯ ಜೊತೆ ಹೆಂಗಸರ ಉಡಿಗೆ ಬೀಳುವ, ಒಂದೇ ಅಳತೆಗೆ ಕತ್ತರಿಸಿದ ತುಂಡುಗಳು. ಅವನ್ನು ಹೊಲಿಸಿ ತೊಟ್ಟವರನ್ನು ಮೀನಾ ಕಂಡಿರಲಿಲ್ಲ. ಮಡಿಕೆ ಬಿಚ್ಚದೆ ಇಟ್ಟು, ಮುಂದಿನ ಲಗ್ನದಲ್ಲಿ ಇನ್ನೊಬ್ಬರ ಉಡಿಗೆ ದಾಟಿಸುವುದೇ ರೂಢಿ. ಇದಕ್ಕೆ ಬರೆಯದ ಕಾಯಿದೆಯೊಂದಿತ್ತು: ಕೊಟ್ಟವರ ಖಣ ಕೊಟ್ಟವರಿಗೇ ತಿರುಗಿ ಹೋಗಬಾರದು. ಹೋದರೆ ಬೀಗತನಕ್ಕೇ ಕೊಡಲಿ ಏಟು. ಯಾವುದನ್ನು ಯಾರು, ಯಾವ ಕಾರ್ಯದಲ್ಲಿ ಕೊಟ್ಟರು ಎಂಬುದೆಲ್ಲ ಅತ್ತೆ ರಾಚವ್ವನ ತಲೆಯಲ್ಲಿತ್ತು, ಬೇರೆಲ್ಲಿಯೂ ಇರಲಿಲ್ಲ.

ನಾದಿನಿ ರೇಣು ಬಾಣಂತನ ಮುಗಿಸಿ, ಐದು ತಿಂಗಳ ಕೂಸನ್ನೆತ್ತಿಕೊಂಡು ಮುನವಳ್ಳಿಯ ಗಂಡನ ಮನೆಗೆ ಹೊರಡುವವಳಿದ್ದಳು. ತವರಿನಿಂದ ತೊಟ್ಟಿಲು, ಕುಂಚಿಗೆ, ಕೌದಿ ಹೋಗಬೇಕು. ಕೌದಿಗೆ ಹಳೆಯ ಸೀರೆ ಹುಡುಕಬೇಕು, ಹರಿಯಬೇಕು, ಓರೆಕೋರೆ ಸರಿಮಾಡಬೇಕು. ಇಲ್ಲಿ ನೋಡಿದರೆ ಎಲ್ಲವೂ ಸಮನಾಗಿ ಕತ್ತರಿಸಿಕೊಂಡೇ ಬಿದ್ದಿವೆ! ರಾಚವ್ವ ಮೊಣಕಾಲಿನ ಔಷಧಕ್ಕೆಂದು ಹೂಲಿಯ ತಂಗಿಯ ಮನೆಗೆ ಹೋದದ್ದೇ ತಡ, ಮೀನಾ ಟ್ರಂಕು ತೆರೆದಳು. ಒಳಗಿದ್ದವು ಇಪ್ಪತ್ತೊಂದು. ಬಂದ ಮಡಿಕೆಯಲ್ಲೇ ಸಾಲಿಗೆ ನಾಲ್ಕರಂತೆ ಐದು ಸಾಲು ಜೋಡಿಸಿ, ಕೆಳಗೆ ಗಂಡನ ಬಿಳಿ ಧೋತರ ಹಾಸಿ ಹೊಲಿದುಬಿಟ್ಟಳು. ಮಿಕ್ಕದ್ದೊಂದನ್ನು ಬೀಗತಿಯ ಉಡಿಗೆಂದು ಕಾಯಿಯ ಜೊತೆ ಗಂಟು ಕಟ್ಟಿಟ್ಟಳು.

ಹೊರಡುವ ದಿನ ಬೆಳಿಗ್ಗೆ ರಾಚವ್ವ ಬಂದಳು. ಕೌದಿ ನೋಡಿದವಳೇ ಕಂಬ ಹಿಡಿದುಕೊಂಡಳು.

"ಇದನ್ನ ಯಾರ ಹೊಲದ್ರು?"

"ನಾನರಿ ಅತ್ತಿ. ಚೆಂದ ಆಗೇತಿ ಹೌದಲ್ರಿ?"

"ಚೆಂದ ಸುಡ್ಲಿ! ಇದರಾಗ ರೇಣುನ ಅತ್ತಿ ಕೃಷ್ಣವ್ವನ ಖಣ ಅದಾವ. ಇಕಾ ಒಂದ, ಇಕಾ ಎರಡ, ಇಕಾ ಮೂರ. ಬೀಗತಿ ಕೊಟ್ಟದ್ದನ್ನ ತೊಡಲಿಲ್ಲ, ಕೂಸಿನ ಕುಂಡಿ ಕೆಳಗ ಹಾಸಿದ್ರು ಅಂತಾಳ. ಆಕಿದು ಹದ್ದಿನ ಕಣ್ಣು. ದಿನಾ ಅನಿಸ್ಕೊಳ್ಳಾಕಿ ಯಾರು? ನನ್ನ ಮಗಳು!"

"ಬಿಚ್ಚಿಬಿಡ್ಲೇನ್ರಿ?"

"ಕೂಸಿನ ಹೆಸರಿಲೆ ಹೊಲದ ಕೌದಿ ಬಿಚ್ಚತಾರೇನ? ಬೋರಲ ಹಾಸು. ಆಕಿ ಕಣ್ಣಿಗೆ ಬೀಳದಂಗ ನೋಡಕೋ."

ಬಸ್ಸಿನಲ್ಲಿ ಮೀನಾ ಕೌದಿಯ ಗಂಟನ್ನು ತೊಡೆಯ ಮೇಲೆ ಅವುಚಿಕೊಂಡು ಕೂತಳು. ಗಂಡ ಶ್ರೀಶೈಲ ಮೇಷ್ಟ್ರು ತೊಟ್ಟಿಲನ್ನು ಟಾಪಿಗೆ ಏರಿಸಿ ಬಂದು, "ಕೌದಿ ಏನ ಓಡಿ ಹೊಕ್ಕೇತೇನ?" ಎಂದರು. ಓಡಿಹೋದರೆ ಎಷ್ಟು ಚೆನ್ನ ಎಂದೇ ಅವಳು ಯೋಚಿಸುತ್ತಿದ್ದಳು. ತನ್ನ ಜಾಣತನದಿಂದ ರೇಣುವಿನ ಸಂಸಾರಕ್ಕೆ ಕಲ್ಲು ಬೀಳುತ್ತದಲ್ಲ ಎಂದು ಅವಳಿಗೆ ನಿಜವಾಗಿಯೂ ಅಳು ಬರುವಂತಾಗಿತ್ತು.

ಮುನವಳ್ಳಿಯಲ್ಲಿ ಮೊದಲರ್ಧ ತಾಸು ದೇವರು ನಡೆಸಿಕೊಟ್ಟ. ಬಿಳಿ ಧೋತರ ಮೇಲೆ ಬರುವಂತೆ ಕೌದಿ ತೊಟ್ಟಿಲು ಸೇರಿತು. ಕೂಸು ಮಲಗಿತು. ಮೀನಾ ಕೃಷ್ಣವ್ವನ ಉಡಿಗೆ ಅಕ್ಕಿ, ಕಾಯಿ, ಖಣ, ಬಾಳೆಹಣ್ಣು ಹಾಕಿ ಕಾಲಿಗೆ ಬಿದ್ದಳು. ಕೃಷ್ಣವ್ವ ಅದನ್ನೆಲ್ಲ ಕಣ್ಣು ಹಾಯಿಸದೆಯೇ ಮೊರದಲ್ಲಿಟ್ಟು, ನೆರೆಮನೆಯ ಕರೆವ್ವನ ಮುಂದೆ ಬೀಗರನ್ನು ಹೊಗಳುತ್ತ ಕೂತಳು. ಅಷ್ಟರಲ್ಲಿ ವಂಶೋದ್ಧಾರಕ ತೊಟ್ಟಿಲಲ್ಲಿ ಜಲಾಭಿಷೇಕ ಮಾಡಿದ.

"ನಾ ತಗೀತೇನ್ರಿ, ನೀವು ಕುಂತಿರ್ರಿ!" ಎಂದು ಮೀನಾ ಹಾರಿ ಬೀಳುವುದರೊಳಗೆ ಕೃಷ್ಣವ್ವ ಕೌದಿ ಎಳೆದು, ಕೊಡವಿ, ಅಂಗಳದ ಹಗ್ಗಕ್ಕೆ ಹಾಕಿಬಿಟ್ಟಳು. ಇಪ್ಪತ್ತು ಖಣಗಳು ಬಿಸಿಲಿನಲ್ಲಿ ಝಗಝಗಿಸಿದವು. ಕೃಷ್ಣವ್ವನ ಬೆರಳು ಒಂದೊಂದರ ಮೇಲೆ ಸರಿಯುತ್ತ ಹೋಗಿ, ಹಸಿರು ಖಣದ ಮೇಲೆ ನಿಂತಿತು.

"ಇದು ನಾ ಕೊಟ್ಟದ್ದು."

ರೇಣು ಕೂಸನ್ನು ಮುಖಕ್ಕೆ ಅಡ್ಡ ಹಿಡಿದಳು. ಶ್ರೀಶೈಲ ಮೇಷ್ಟ್ರು ನಿನ್ನೆಯ ಪೇಪರಿನಲ್ಲಿ ಮುಖ ಹುದುಗಿಸಿದರು.

"ಇದೂ ನಂದs. ಈ ಕೆಂಪಂದೂ ನಂದs." ಕೃಷ್ಣವ್ವ ತಿರುಗಿದಳು. ಅವಳ ಕಣ್ಣು ತುಂಬಿತ್ತು. "ಎಂಥಾ ಹೆಣ್ಣಮಗಳವಾ ನೀನು! ನಾ ಕೊಟ್ಟದ್ದನ್ನ ತೊಟ್ಟು ಹರೀಲಿಲ್ಲ, ಮಂದಿಗೆ ದಾಟಿಸಲಿಲ್ಲ. ನನ್ನ ಮೊಮ್ಮಗಗಂತ ಕಾದಿಟ್ಟೀಯಲ್ಲ! ನೋಡ ಕರೆವ್ವಾ, ಬೀಗರಂದ್ರ ಇವರು."

ಮೀನಾಳಿಗೆ ಹೋದ ಜೀವ ಬಂತು. ಆಗಲೇ ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ನೀರು ಕುಡಿದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಹೊಗಳಿಕೆ ಕೇಳಿದ ಬಾಯಿ ಸುಮ್ಮನಿರುತ್ತದೆಯೇ?

"ನಿಮ್ಮವು ಅಂದ್ರ ನಮಗ ಪ್ರಸಾದ ಇದ್ದಂಗರಿ. ಒಂದೂ ಬಿಟ್ಟಿಲ್ಲರಿ, ಎಲ್ಲಾ ಇದರಾಗs ಹೊಲದೇನಿ!"

"ಹೌದ?" ಕೃಷ್ಣವ್ವ ಹಿಗ್ಗಿ ಮತ್ತೆ ಕೌದಿಯತ್ತ ತಿರುಗಿದಳು. "ಹಂಗಾರ ನಾಕನೇದು ಎಲ್ಲೈತಿ? ರೇಣುನ ಸೀಮಂತದಾಗ ನಿಮ್ಮತ್ತಿಗೆ ಕೊಟ್ಟಿದ್ನಿ. ಗುಳೇದಗುಡ್ಡದ್ದು, ನವಿಲ ಬಣ್ಣದ್ದು. ಅದರಂಥಾದ್ದು ಇನ್ನೊಂದ ಸಿಗಲಿಲ್ಲ ನನಗ."

ನವಿಲು ಬಣ್ಣ ಎಂದ ಕೂಡಲೇ ಮೀನಾಳ ಕಣ್ಣು, ಹೋಗಬೇಡ ಎಂದರೂ ಕೇಳದೆ, ಮೊರದ ಕಡೆ ಹೋಯಿತು. ಅವಳ ಕಣ್ಣಿನ ಹಿಂದೆ ಕರೆವ್ವನ ಕಣ್ಣೂ ಹೋಯಿತು. ಕರೆವ್ವ ಎದ್ದು, ತೆಂಗಿನಕಾಯಿ ಸರಿಸಿ, ಕೆಳಗಿದ್ದುದನ್ನು ಎತ್ತಿ ಹಿಡಿದಳು.

"ಇದs ಏನ ನೋಡ, ಕೃಷ್ಣಕ್ಕಾ?"

ಕೃಷ್ಣವ್ವ ಕೈ ಚಾಚಿ ಅದನ್ನು ಇಸಿದುಕೊಂಡಳು.

"ಅದು... ಅದು ಏನಾತಂದ್ರರಿ..." ಎಂದಳು ಮೀನಾ.

ಕೃಷ್ಣವ್ವ ಖಣವನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಸವರಿದಳು. ಬೈದಿದ್ದರೆ ವಾಸಿಯಿತ್ತು. ಕೊನೆಗೆ ತಣ್ಣಗೆ ಹೇಳಿದಳು: "ಒಂದೂ ಬಿಟ್ಟಿಲ್ಲ ಅಂದೆಲ್ಲ? ನಿನ್ನ ಮಾತ ಸುಳ್ಳಾಗಬಾರದು. ಕೆಳಗ ಇನ್ನೊಂದ ಸಾಲ ಹಚ್ಚು. ಇದು ಹೊಲದು ಮುಗಿಯೂತನಕ ನೀ ಊರಿಗೆ ಹೋಗಂಗಿಲ್ಲ. ರೇಣು, ಸೂಜಿ ದಾರ ತಾ."

"ಏನ್ರಿ..." ಎಂದು ಮೀನಾ ಗಂಡನತ್ತ ನೋಡಿದಳು.

"ನಾಳೆ ಸಾಲ್ಯಾಗ ಪರೀಕ್ಷಾ ಅದಾವ," ಎಂದು ಚಪ್ಪಲಿ ಮೆಟ್ಟುತ್ತ ಹೇಳಿದರು ಮೇಷ್ಟ್ರು. "ನೀ ಸಾವಕಾಶ ಬಾ." ಅವರ ಬೆನ್ನು ಓಣಿಯ ತಿರುವಿನಲ್ಲಿ ಮಾಯವಾಯಿತು.

ಸಾಲಿಗೆ ನಾಲ್ಕು ಖಣ ಬೇಕು, ಇದ್ದದ್ದು ಒಂದು. ಮಿಕ್ಕ ಮೂರಕ್ಕೆ ಕೃಷ್ಣವ್ವ ಒಳಗಿನಿಂದ ತನ್ನ ಟ್ರಂಕನ್ನು ಎಳೆದು ತಂದು ಮುಚ್ಚಳ ತೆರೆದಳು. ಎಲ್ಲಕ್ಕಿಂತ ಮೇಲೆ ಹಳದಿ ಅಂಚಿನ ಕೇಸರಿ ಖಣವೊಂದಿತ್ತು. ರೇಣುವಿನ ಲಗ್ನದಲ್ಲಿ ಮೀನಾ ತಾನೇ ಅಂಗಡಿ ಅಂಗಡಿ ಅಲೆದು ಆರಿಸಿ, ಕೃಷ್ಣವ್ವನ ಉಡಿಗೆ ಹಾಕಿದ ಖಣ. ಮಡಿಕೆ ಕೂಡ ಬಿಚ್ಚಿರಲಿಲ್ಲ.

ಮೀನಾ ತಲೆ ಎತ್ತಿದಳು. ಕೃಷ್ಣವ್ವ ಅವಳನ್ನೇ ನೋಡುತ್ತಿದ್ದಳು.

"ಯಾಕವಾ, ಏನರ ಅನ್ನೂದೈತೇನ?"

"ಏನಿಲ್ರಿ," ಎಂದಳು ಮೀನಾ, ಮತ್ತು ಸೂಜಿಗೆ ದಾರ ಪೋಣಿಸಿದಳು.